ಒಂದೇ ಹಗ್ಗದ ಎರಡು ಗದ್ದೆ

ನಾನು ನಿಂತಿದ್ದು ಎರಡು ಗದ್ದೆಗಳ ನಡುವಿನ ಬದುವಿನ ಮೇಲೆ. ಊರು ಕೊಳವಳ್ಳಿ. ಕಬಿನಿ ನನ್ನ ಎಡಗಡೆಗೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ದಡದವರೆಗೆ ತುಂಬಿ ಕೆಂಪಗೆ ಹರಿಯುತ್ತಿತ್ತು. ನನ್ನ ಮುಖ ದೊಡ್ಡಪ್ಪನ ಗದ್ದೆಯ ಕಡೆಗಿತ್ತು, ಬೆನ್ನು ಅತ್ತೆಯ ಗದ್ದೆಯ ಕಡೆಗೆ. ವಯನಾಡು ಬೇರೆ ಜಿಲ್ಲೆಯಾದ ಮೇಲಿನ ಎರಡನೆಯ ಮಳೆಗಾಲ ಅದು. ಆಷಾಢ ಮುಗಿಯುತ್ತಾ ಬಂದಿತ್ತು. ನಾಟಿಯ ಹೆಂಗಸರು ಮಧ್ಯಾಹ್ನದ ಗಂಜಿ ಕುಡಿದು ಮತ್ತೆ ಕೆಸರಿಗೆ ಇಳಿದು ಸ್ವಲ್ಪ ಹೊತ್ತಾಗಿತ್ತು. ಮಳೆ ಬಿಟ್ಟಿತ್ತು, ಬಿಸಿಲು ಬಂದಿರಲಿಲ್ಲ. ಗಂಟೆ ಎಷ್ಟಾಗಿತ್ತೆಂದು ಹೇಳಲಾರೆ. ಅಲ್ಲಿದ್ದ ಯಾರ ಕೈಯಲ್ಲೂ ಗಡಿಯಾರ ಇರಲಿಲ್ಲ.

ಅಲ್ಲಿ ನಾನು ನೋಡಿದ್ದನ್ನು ಈಗ ಬರೆಯುವುದಕ್ಕೆ ಕಾರಣ ಸಣ್ಣದು. ಮೊನ್ನೆ ಮಾನಂದವಾಡಿಯಲ್ಲಿ ನಿವೃತ್ತ ಮೇಷ್ಟರುಗಳು ಕೆಲವರು ಸೇರಿದ್ದೆವು. ನಾನು ಗಣಿತ ಹೇಳಿಕೊಟ್ಟವನು. ಕಲಿತದ್ದೂ ಕಲಿಸಿದ್ದೂ ಮಲಯಾಳಂನಲ್ಲಿ. ಮನಸ್ಸಿನೊಳಗೆ ಮಗ್ಗಿ ಹೇಳಿಕೊಳ್ಳುವುದು ಮಾತ್ರ ಇವತ್ತಿಗೂ ಅವ್ವ ಕಲಿಸಿದ ಕನ್ನಡದಲ್ಲಿ. ಚಹಾ ಬರುವ ಹೊತ್ತಿಗೆ ಒಬ್ಬರು ಮಾತು ತೆಗೆದರು. ಸಂಖ್ಯೆ, ಲೆಕ್ಕ, ಇವೆಲ್ಲ ಮನುಷ್ಯ ಮಾಡಿಕೊಂಡದ್ದೋ, ಮೊದಲೇ ಇದ್ದದ್ದನ್ನು ಅವನು ಕಂಡುಕೊಂಡದ್ದೋ? ಒಬ್ಬರು ಹೇಳಿದರು, ಅದು ಚೌಕಾಬಾರದ ಆಟದಂತೆ. ಮನೆ ಗೀಚಿದವರು ನಾವು, ನಿಯಮ ಮಾಡಿದವರು ನಾವು, ಆಮೇಲೆ ಗೆದ್ದೆವೆಂದು ಆಶ್ಚರ್ಯಪಡುವವರೂ ನಾವೇ. ಇನ್ನೊಬ್ಬರು, ಅಲ್ಲ, ಅದು ಕಾಡಿನೊಳಗಿನ ತೊರೆಯಂತೆ. ನಾವು ಹೋಗಿ ನೋಡುವ ಮೊದಲೂ ಹರಿಯುತ್ತಿತ್ತು ಎಂದರು. ಇಬ್ಬರೂ ಸಂತೋಷವಾಗಿದ್ದರು. ವಡೆಯ ತಟ್ಟೆ ಆ ಕಡೆಯಿಂದ ಈ ಕಡೆಗೆ ಬಂತು.

“ಮಾಷ್ ಏನೂ ಹೇಳಲಿಲ್ಲ,” ಎಂದು ಯಾರೋ ನನ್ನನ್ನು ಕೇಳಿದರು.

ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಹೇಳಿ ಎದ್ದು ಬಂದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದಲ್ಲಿ ಕುಳಿತು ಆ ಬದುವನ್ನು ನೆನೆಸಿಕೊಂಡೆ. ಆ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವರು ಪುಸ್ತಕ ಓದಿದವರಲ್ಲ, ಚಹಾ ಕುಡಿಯುತ್ತಾ ಕೇಳಿದ್ದೂ ಅಲ್ಲ. ಆವತ್ತು ಅದರ ಉತ್ತರದ ಮೇಲೆ ಒಂದು ಮನೆಯ ಅನ್ನ ನಿಂತಿತ್ತು.

ನಮ್ಮವರು ಮೂರು ತಲೆಮಾರಿನ ಹಿಂದೆ ಹೊಳೆಯಾಚೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ಅಜ್ಜನಿಗೆ ಮೂವರು ಮಕ್ಕಳು. ನನ್ನ ಅಪ್ಪ ಮೊದಲೇ ಗುಡ್ಡದ ಮೇಲಿನ ಕಾಫಿ, ಮೆಣಸಿನ ಜಾಗವನ್ನು ತನ್ನ ಪಾಲೆಂದು ತೆಗೆದುಕೊಂಡು ಬೇರೆಯಾಗಿದ್ದರು. ಉಳಿದದ್ದು ಹೊಳೆಯ ಪಕ್ಕದ ಭತ್ತದ ಗದ್ದೆ. ಅದನ್ನು ದೊಡ್ಡಪ್ಪ ಮತ್ತು ಅತ್ತೆ ಇಬ್ಬರೂ ಸೇರಿ ಮಾಡುತ್ತಿದ್ದರು. ಅತ್ತೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ತವರಿಗೆ ಬಂದು, ಗದ್ದೆಯ ಅಂಚಿನಲ್ಲೇ ಒಂದು ಸಣ್ಣ ಮನೆ ಕಟ್ಟಿಕೊಂಡಿದ್ದಳು. ಅಜ್ಜ ಹಾಸಿಗೆ ಹಿಡಿದಾಗ ಎಲ್ಲರ ಮುಂದೆ ಒಂದು ಮಾತು ಹೇಳಿದ್ದರು: “ಹೊಳೆಗದ್ದೆ ಇಬ್ರಿಗೂ ಸಮ. ಹೆಣ್ಣು ಅಂತ ಕಮ್ಮಿ ಮಾಡ್‌ಬೇಡಿ.” ಅದಕ್ಕೆ ಯಾರೂ ಎದುರು ಹೇಳಲಿಲ್ಲ. ಆ ‘ಸಮ’ವನ್ನು ಯಾರೂ ಬೇಕೆಂದು ಕೆಡಿಸಲೂ ಇಲ್ಲ. ಇದನ್ನು ಒತ್ತಿ ಹೇಳಬೇಕು. ದೊಡ್ಡಪ್ಪ ಮೋಸಗಾರರಲ್ಲ.

ನಮ್ಮ ಕಡೆ ಗದ್ದೆಯನ್ನು ಪಾಲು ಮಾಡುವುದಕ್ಕೆ ಒಂದು ಹಗ್ಗವಿತ್ತು. ಬೇಲಿಹಗ್ಗ ಎನ್ನುತ್ತಿದ್ದರು. ತೆಂಗಿನ ನಾರಿನದು, ಬಹಳ ಉದ್ದದ್ದು; ಊರಿನ ಹಿರಿಯರೊಬ್ಬರ ಮನೆಯ ಅಟ್ಟದಲ್ಲಿ ಸುತ್ತಿ ಇಟ್ಟಿರುತ್ತಿತ್ತು. ಆ ಹಿರಿಯರನ್ನು ನಾವೆಲ್ಲ ಹಗ್ಗದಜ್ಜ ಎಂದೇ ಕರೆಯುತ್ತಿದ್ದೆವು. ಕಾಡಿನ ಅಂಚಿನ ಊರಿನಲ್ಲಿ ಗದ್ದೆ ಇರುವುದೆಂದರೆ ಬೇಲಿ ಇರುವುದು. ಆನೆಗೆ, ಹಂದಿಗೆ ಬಿಟ್ಟುಕೊಡದೆ ಕಾಯುವಷ್ಟು ನೆಲ ಮಾತ್ರ ನಮ್ಮದು. ಹಾಗಾಗಿ ಒಬ್ಬನ ಗದ್ದೆ ಎಷ್ಟು ಎಂದು ಕೇಳಿದರೆ, ಅವನು ಕಟ್ಟುವ ಬೇಲಿ ಎಷ್ಟು ಮಾರು ಎಂದು ಹೇಳುತ್ತಿದ್ದರು. ಬೇಲಿ ಸಮವಾದರೆ ಗದ್ದೆ ಸಮ. ಪಾಲು ಮಾಡುವಾಗ ಒಂದು ಪಾಲಿನ ಸುತ್ತ ಹಗ್ಗ ಹಾಸಿ, ಕೂಡುವಲ್ಲಿ ಗಂಟು ಹಾಕಿ, ಅದೇ ಹಗ್ಗವನ್ನು ಇನ್ನೊಂದರ ಸುತ್ತ ತರುತ್ತಿದ್ದರು. ಗಂಟು ಗಂಟಿಗೆ ಕೂಡಿದರೆ ಪಾಲಾಯಿತು. ಆಮೇಲೆ ಪಾಲುದಾರರಿಬ್ಬರೂ ಹಗ್ಗವನ್ನು ದಾಟುತ್ತಿದ್ದರು. ದಾಟಿದ ಮೇಲೆ ಮತ್ತೆ ಅಳೆಯಿರಿ ಎಂದು ಕೇಳುವುದು ಸತ್ತವರನ್ನು ಸುಳ್ಳರೆಂದ ಹಾಗೆ.

ಈ ಪದ್ಧತಿ ಮೂರ್ಖರದಲ್ಲ ಎಂದು ಈಗಲೂ ನಾನು ಹೇಳುತ್ತೇನೆ. ಹಿಂದೆ ಕಣಿವೆಯ ಗದ್ದೆಗಳೆಲ್ಲ ಒಂದೇ ಅಗಲದ ಪಟ್ಟೆಗಳು, ಒಂದರ ಪಕ್ಕ ಒಂದು. ಅಂಥ ಕಡೆ ಹಗ್ಗ ಸುಳ್ಳು ಹೇಳುವುದಿಲ್ಲ. ನಮ್ಮ ಹೊಳೆಗದ್ದೆ ಹಾಗಿರಲಿಲ್ಲ. ದಾರಿಯ ಕಡೆಗೆ ಅದು ಹೆಚ್ಚುಕಡಿಮೆ ಚೌಕ. ಅಲ್ಲಿಂದ ಹೊಳೆಯ ದಡ ಹಿಡಿದು ಒಂದು ನಾಲಿಗೆಯಂತೆ ಉದ್ದಕ್ಕೆ ಹೋಗುತ್ತಿತ್ತು, ಕಿರಿದಾಗಿ. ಅತ್ತೆಯ ಮನೆ ಆ ನಾಲಿಗೆಯ ಪಕ್ಕದಲ್ಲಿತ್ತು. ಆದ್ದರಿಂದ ನಾಲಿಗೆ ಅವಳಿಗೆ, ಚೌಕ ದೊಡ್ಡಪ್ಪನಿಗೆ ಎಂದು ಯಾರೂ ಹೇಳದೆಯೇ ಆಯಿತು.

ಹಗ್ಗ ಹಾಕಿದ್ದು ಬೇಸಿಗೆಯಲ್ಲಿ, ಬೆಳಗ್ಗೆ. ನಾನೂ ಅಲ್ಲಿದ್ದೆ. ಮಾನಂದವಾಡಿಯ ಒಂದು ಟ್ಯುಟೋರಿಯಲ್ ಕಾಲೇಜಿನಲ್ಲಿ ಓದುತ್ತಿದ್ದವನು ರಜೆಗೆ ಬಂದಿದ್ದೆ. ಹಗ್ಗದಜ್ಜ ಚೌಕದ ಸುತ್ತ ಹಗ್ಗ ಹಾಸಿಸಿದರು, ಗಂಟು ಹಾಕಿದರು, ಅದನ್ನು ನಾಲಿಗೆಯ ಸುತ್ತ ತಂದರು. ನಡುವಿನ ಗೂಟವನ್ನು ಒಂದೆರಡು ಸಲ ಕಿತ್ತು ಆಚೀಚೆ ನೆಟ್ಟ ಮೇಲೆ ಗಂಟು ಕೂಡಿತು. ಕೂಡಿದ್ದನ್ನು ಹಗ್ಗದಜ್ಜ ಹೆಬ್ಬೆರಳಿನಿಂದ ಒತ್ತಿ ಎಲ್ಲರಿಗೂ ತೋರಿಸಿದರು. ದೊಡ್ಡಪ್ಪನ ಮುಖದಲ್ಲಿ ನಿಜವಾದ ನೆಮ್ಮದಿ ಇತ್ತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಪ್ಪನ ಮಾತು ಉಳೀತು,” ಎಂದಳು.

ನಾನು ಎರಡೂ ಗದ್ದೆಗಳನ್ನು ನೋಡಿದೆ. ಒಂದೇ ಹಗ್ಗ, ಒಂದೇ ಗಂಟು. ಒಳಗೆ ನೆಲ ಮಾತ್ರ ಒಂದೇ ಅಲ್ಲ. ಕಣ್ಣಿಗೆ ಕಾಣುತ್ತಿತ್ತು. ಬೇರೆ ಯಾರಿಗೂ ಏಕೆ ಕಾಣುತ್ತಿಲ್ಲ ಎಂದು ಒಬ್ಬೊಬ್ಬರ ಮುಖ ನೋಡಿದೆ. ಎಲ್ಲರೂ ಗಂಟನ್ನು ನೋಡುತ್ತಿದ್ದರು.

ಹಗ್ಗ ದಾಟುವುದು ಮಾರನೆಯ ದಿನಕ್ಕೆ ಇತ್ತು. ಆ ಸಂಜೆ ದೊಡ್ಡಪ್ಪನ ಜಗುಲಿಯಲ್ಲಿ ಹಗ್ಗದಜ್ಜ, ದೊಡ್ಡಪ್ಪ, ಅತ್ತೆ ಕುಳಿತಿದ್ದರು. ಅತ್ತೆಯ ಮಗಳು ಚಾಪೆಯ ಮೇಲೆ ಹರವಿದ್ದ ಕಾಫಿ ಬೀಜವನ್ನು ಬಾಚುತ್ತಿದ್ದಳು. ನಾನು ಒಂದು ಉದ್ದ ನೂಲಿನ ಎರಡು ತುದಿ ಗಂಟು ಹಾಕಿ ನೆಲದ ಮೇಲೆ ಚೌಕವಾಗಿ ಇಟ್ಟೆ. ಒಳಗೆ ಕಾಫಿ ಬೀಜಗಳನ್ನು ಒತ್ತೊತ್ತಾಗಿ ತುಂಬಿದೆ. ಆಮೇಲೆ ಅದೇ ನೂಲನ್ನು ಉದ್ದಕ್ಕೆ ಎಳೆದು ಸಣ್ಣ ಪಟ್ಟೆ ಮಾಡಿದೆ. ಬೀಜಗಳು ಹೊರಗೆ ಉಳಿದವು.

“ನೋಡಿ ದೊಡ್ಡಪ್ಪ. ನೂಲು ಅದೇನೇ. ಬೀಜ ಹಿಡೀಲಿಲ್ಲ.”

“ನೀನು ಅದ್ನ ಚಪ್ಪಟೆ ಮಾಡ್ದೆ, ಹಿಡೀಲಿಲ್ಲ. ಗದ್ದೆನ ಯಾರ್ಲಾ ಚಪ್ಪಟೆ ಮಾಡ್ದೋರು?”

“ಹೊಳೆ ಮಾಡ್ಯದೆ ದೊಡ್ಡಪ್ಪ.”

“ಹೊಳೇಗೆ ಯೋಳ್‌ಬುಡು ಹಂಗಾರೆ, ವಸಿ ಅತ್ಲಾಗ್ ಸರೀಲಿ ಅಂತ.”

ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ಹಗ್ಗದಜ್ಜ ಮಾತ್ರ ನಗಲಿಲ್ಲ. ಅವರು ಬಾಗಿ ನೂಲನ್ನು ನೋಡಿದರು, ಹೊರಗೆ ಬಿದ್ದ ಬೀಜಗಳನ್ನು ಕೈಯಲ್ಲಿ ತೆಗೆದುಕೊಂಡರು. ಸುಮಾರು ಹೊತ್ತು ಹಿಡಿದುಕೊಂಡೇ ಇದ್ದರು.

“ಇದು ಕಾಲೇಜಿನ ಕಣಕ್ಕು,” ಎಂದರು ಆಮೇಲೆ. ಲೆಕ್ಕಕ್ಕೆ ಕಣಕ್ಕು ಎನ್ನುವುದು ನಮ್ಮ ಕಡೆ ಸೇರಿಹೋದ ಮಲಯಾಳದ ಮಾತು. “ಕಾಲೇಜಿನೋರು ಮಾಡ್ಕಂಡದ್ದು. ಹಗ್ಗ ನಮ್ಮೋರು ಮಾಡ್ಕಂಡದ್ದು. ಎಲ್ಡೂ ಮಾಡಿದ್ದೆಯಾ. ನಾವ್ಯಾಕೆ ನಮ್ದು ಬುಟ್ಟು ನಿಮ್ದು ಹಿಡೀಬೇಕು?”

“ಇದು ಯಾರೂ ಮಾಡಿದ್ದಲ್ಲ ಅಜ್ಜ. ಇರೋದು.”

“ಎಲ್ಲದೆ?”

“ಅಂದ್ರೆ?”

“ಅದೆ ಅಂತೀಯಲ್ಲ. ಎಲ್ಲದೆ, ತೋರ್ಸು. ಹಗ್ಗ ನನ್ನ ಅಟ್ಟದಾಗೆ ಅದೆ. ಗದ್ದೆ ಹೊಳೆ ಹತ್ರ ಅದೆ. ನಿನ್ನ ಕಣಕ್ಕು ಎಲ್ಲದೆ?”

ಕಾಫಿ ಬೀಜಗಳನ್ನು ತೋರಿಸಿದೆ. ಇದು ಬೀಜ, ಎಂದರು. ನೂಲನ್ನು ತೋರಿಸಿದೆ. ಅದು ನೂಲು, ಎಂದರು. ಉದ್ದ ಅಗಲ ಗುಣಿಸಿದರೆ ಬರುವುದು ಎನ್ನಲು ಹೋದೆ. ಗುಣಿಸುವವನು ನಾನೇ ತಾನೆ. ನಲವತ್ತು ವರ್ಷ ಕಳೆದರೂ ಆ ‘ಎಲ್ಲದೆ’ಗೆ ಅವರು ಒಪ್ಪುವ ಹಾಗೆ ನನಗೆ ಉತ್ತರ ಹೊಳೆದಿಲ್ಲ.

“ಜಿಲ್ಲೆ ನೋಡು,” ಎಂದು ಹಗ್ಗದಜ್ಜ ಮುಂದುವರಿಸಿದರು. ದನಿ ಮೆತ್ತಗಿತ್ತು, ನನ್ನನ್ನು ಸಮಾಧಾನ ಮಾಡುವಂತೆ. “ಮೊನ್ನೆ ಮೊನ್ನೆವರ್ಗೂ ಇರ್ನಿಲ್ಲ. ದೊಡ್ಡ ಕಚೇರಿ ಅಂದ್ರೆ ಘಾಟಿ ಇಳಿದು ಓಗ್‌ಬೇಕಿತ್ತು. ಗೆರೆ ಎಳುದ್ರು, ಜಿಲ್ಲೆ ಅಂದ್ರು, ಕಲ್ಪೆಟ್ಟಕ್ಕೆ ಆಫೀಸು ಬಂತು. ಈಗ ನಾನು ಜಿಲ್ಲೆ ಇಲ್ಲ ಅಂದ್ರೆ ಯಾರಾರಾ ಕೇಳ್ತಾರಾ? ಹತ್ತು ಜನ ಒಪ್ಪಿದ್ರೆ ಅದು ಅದೆ. ಸಮ ಅನ್ನೋದೂ ಹಂಗೇಯ.”

ಜಿಲ್ಲೆ ಬೇರೆ, ಇದು ಬೇರೆ ಎಂದು ನನಗೆ ಗೊತ್ತಿತ್ತು. ಅತ್ತೆಯ ಕಡೆ ತಿರುಗಿ, “ಅತ್ತೆ, ನಿನ್ನ ಪಾಲು ದೊಡ್ಡಪ್ಪನ ಪಾಲಿನ ಮೂರರಲ್ಲಿ ಎರಡೂ ಬರಲ್ಲ,” ಎಂದೆ. ಮಧ್ಯಾಹ್ನವೇ ಎರಡೂ ಗದ್ದೆಗಳನ್ನು ಹೆಜ್ಜೆ ಹಾಕಿ ಅಳೆದುಕೊಂಡು ಬಂದಿದ್ದೆ.

ಅವಳು ಅಣ್ಣನ ಮುಖ ನೋಡಿದಳು. ದೊಡ್ಡಪ್ಪನಿಗೆ ಆಗ ಕೋಪ ಬಂದಿತ್ತು, ಆದರೆ ಅವರು ಕೋಪವನ್ನು ತಮಾಷೆಯಾಗಿಯೇ ಆಡುವವರು.

“ನೋಡವ್ವಾ,” ಎಂದರು ಅತ್ತೆಗೆ, “ಹುಡುಗ್ನ ಕಣಕ್ಕು ನಿನ್ನ ಗದ್ದೆ ಮ್ಯಾಲಲ್ಲ ಇರೋದು. ನಿನ್ನ ಮಗಳ ಮ್ಯಾಲೆ. ನಾಳೆ ತಂಗೆ ಬರೋ ಗದ್ದೆಯ ಇವತ್ತೇ ಅಗಲ ಮಾಡ್ಕತಾವ್ನೆ.”

ಮತ್ತೆ ನಗು. ಅತ್ತೆಯ ಮಗಳು ಚಾಪೆ ಬಿಟ್ಟು ಎದ್ದು ಒಳಗೆ ಹೋದಳು. ನಮ್ಮಲ್ಲಿ ಅತ್ತೆಯ ಮಗಳನ್ನು ತರುವುದು ರೂಢಿ. ಎರಡೂ ಮನೆಗಳಲ್ಲಿ ಅಂಥ ಒಂದು ಮಾತು ಇಲ್ಲದಿರಲಿಲ್ಲ. ಆ ಸಂಜೆಯ ನಂತರ ಆ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಿದ್ದರೆ ನನ್ನ ಲೆಕ್ಕ ಸ್ವಂತ ಲಾಭಕ್ಕೆಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ನೂಲಿನೊಳಗೆ ಹಿಡಿಯದ ಬೀಜ, ನೂಲು ಎಳೆದವನಿಗೆ ಯಾರ ಮೇಲೆ ಮನಸ್ಸಿದೆ ಎಂದು ನೋಡಿಕೊಂಡು ಹೊರಗೆ ಉಳಿಯುವುದಿಲ್ಲ. ಇಷ್ಟು ಸರಳವಾದ ಮಾತನ್ನು ಆ ಜಗುಲಿಯಲ್ಲಿ ಹೇಳುವ ದಾರಿ ನನಗೆ ಉಳಿಯಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ, “ಅಣ್ಣ ತಂಗಿ ಮಧ್ಯ ಓಗ್‌ಬ್ಯಾಡ,” ಎಂದರು. ಮಾರನೆಯ ಬೆಳಗ್ಗೆ ದೊಡ್ಡಪ್ಪನೂ ಅತ್ತೆಯೂ ಹಗ್ಗ ದಾಟಿದರು.

ಇನ್ನು ಆಷಾಢಕ್ಕೆ ಬರುತ್ತೇನೆ.

ನಾಟಿಗೆ ಬೇಕಾದ ಪೈರನ್ನು ಆ ವರ್ಷ ಇಬ್ಬರೂ ಒಂದೇ ಪಾತಿಯಲ್ಲಿ ಹಾಕಿದ್ದರು. ಪಾಲಾದ ಮೊದಲ ವರ್ಷ. ಬೇರೆ ಬೇರೆ ಪಾತಿ ಮಾಡಲು ಇಬ್ಬರಿಗೂ ಮನಸ್ಸಿರಲಿಲ್ಲ. ಇಡೀ ಹೊಳೆಗದ್ದೆಗೆ ಪ್ರತಿ ವರ್ಷ ಎಷ್ಟು ಬಿತ್ತುತ್ತಿದ್ದರೋ ಅಷ್ಟೇ ಬಿತ್ತಿದ್ದರು. ಆ ಬೆಳಗ್ಗೆ ಪೈರು ಕಿತ್ತು ಕಟ್ಟು ಕಟ್ಟಿದ ಮೇಲೆ ಅದನ್ನು ಸಮಪಾಲು ಮಾಡಿದರು: ಒಂದು ಕಟ್ಟು ಅತ್ತೆಯ ಕಡೆಗೆ, ಒಂದು ದೊಡ್ಡಪ್ಪನ ಕಡೆಗೆ, ಮತ್ತೊಂದು ಅತ್ತೆಯ ಕಡೆಗೆ, ಹೀಗೆ ಮುಗಿಯುವವರೆಗೆ. ಗದ್ದೆ ಸಮ ಎಂದ ಮೇಲೆ ಪೈರೂ ಸಮ. ಎಸೆದವರಲ್ಲಿ ನಾನೂ ಒಬ್ಬ. ಎಸೆಯುವಾಗ ನನಗೆ ಏನಾಗಲಿದೆ ಎಂದು ಹೊಳೆದಿರಲಿಲ್ಲ. ಇದನ್ನು ಬರೆದಿಡುತ್ತೇನೆ, ಏಕೆಂದರೆ ನಾನೇ ಹೂಡಿದ್ದು ಎಂದು ಆಮೇಲೆ ಮಾತಾಯಿತು.

ನಾಟಿಯ ಹೆಂಗಸರು ಮೊದಲು ಇಳಿದದ್ದು ಅತ್ತೆಯ ಗದ್ದೆಗೆ. ಅವರು ಹತ್ತಿರದ ಹಾಡಿಯ ಆದಿವಾಸಿಗಳು. ಅವರಲ್ಲಿ ಕಿರಿಯವಳೊಬ್ಬಳು ಕೈಗಿಂತ ಬಾಯಿ ಚುರುಕು ಎಂದು ಬೈಸಿಕೊಳ್ಳುತ್ತಿದ್ದವಳು. ಗಂಜಿಯ ಹೊತ್ತಿಗೆ ಅತ್ತೆಯ ಗದ್ದೆ ಮುಗಿಯಿತು. ಬದುವಿನ ಮೇಲೆ ಪೈರಿನ ಕಟ್ಟುಗಳು ಒಂದು ಗುಡ್ಡೆಯಾಗಿ ಉಳಿದಿದ್ದವು.

“ಅಕ್ಕಾ, ಞಾರು ಮಿಕ್ಕದೆ,” ಎಂದಳು ಆ ಕಿರಿಯವಳು. ಪೈರಿಗೆ ಅವರು ಞಾರು ಎನ್ನುವುದು.

ದಂಡೆಯ ಮೇಲೆ ಕೊಡೆ ಊರಿಕೊಂಡು ಕುಳಿತಿದ್ದ ಹಗ್ಗದಜ್ಜ, “ಕೈ ತೆಳ್ಳಗೆ ಬಿದ್ದದೆ,” ಎಂದರು. ಪೈರನ್ನು ದೂರ ದೂರ ನೆಟ್ಟಿದ್ದೀರಿ ಎಂದು ಅರ್ಥ.

“ಕೈ ಇದೇಯ ಯಜಮಾನ್ರೆ. ಇನ್ನ ಆ ಕಡೀಕೂ ಇದೇ ಕೈ ಬತ್ತದೆ. ಅಲ್ನೂ ಮಿಕ್ಕುದ್ರೆ ಆಗ ಬೈಯಿರಿ.”

ಗಂಜಿ ಕುಡಿದು ಅವರು ದೊಡ್ಡಪ್ಪನ ಗದ್ದೆಗೆ ಇಳಿದರು. ಅದೇ ಹೆಂಗಸರು, ಅದೇ ಸಾಲಿನಲ್ಲಿ, ಅದೇ ಹಾಡು ಹೇಳುತ್ತಾ. ನಾನು ನಡುವಿನ ಬದುವಿನ ಮೇಲೆ ನಿಂತೆ. ಅವರು ಹಿಂದೆ ಹಿಂದೆ ಸರಿಯುತ್ತಾ ನೆಟ್ಟಂತೆ ದೊಡ್ಡಪ್ಪನ ಕಟ್ಟುಗಳು ಕರಗುತ್ತಾ ಬಂದವು. ಹಲಸಿನ ಮರದ ಕಡೆಯ ಮೂಲೆಗೆ ತಲುಪುವ ಮೊದಲೇ ಕೊನೆಯ ಕಟ್ಟು ಬಿಚ್ಚಿದರು. ಅದೂ ಮುಗಿಯಿತು. ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತರು. ಹಾಡು ನಿಂತಿತು. ಅವರ ಹಿಂದೆ ಕೆಸರು ಖಾಲಿ ಇತ್ತು.

ಆ ಖಾಲಿ ಮೂಲೆಯನ್ನು ನೋಡಿದಾಗಲೇ ನನಗೆ ಹೊಳೆದದ್ದು. ಪೈರು ಇಡೀ ಹೊಳೆಗದ್ದೆಗೆ ಸಾಕಾಗುವಷ್ಟು ಇತ್ತು. ಅದನ್ನು ಸರಿಯಾಗಿ ಅರ್ಧ ಮಾಡಿದ್ದೆವು. ಹಾಗಾದರೆ ದೊಡ್ಡಪ್ಪನ ಪೈರು ಎಲ್ಲಿಗೆ ಮುಗಿಯಿತೋ ಅಲ್ಲಿಗೆ ಇಡೀ ಗದ್ದೆಯ ಅರ್ಧ ಮುಗಿಯಿತು. ಅದರಾಚೆಗಿನ ಕೆಸರು ಇನ್ನೊಂದು ಅರ್ಧಕ್ಕೆ ಸೇರಿದ್ದು. ಅಜ್ಜ ಹೇಳಿದ ‘ಸಮ’ದಲ್ಲಿ ಅತ್ತೆಗೆ ಇನ್ನೂ ಬರಬೇಕಿದ್ದ ನೆಲ ಎಷ್ಟು ಎಂದು ಆವತ್ತು ಯಾರೂ ಅಳೆದಿರಲಿಲ್ಲ, ಯಾರೂ ಗುಣಿಸಿರಲಿಲ್ಲ. ಅದು ತಾನಾಗಿ ಅಲ್ಲಿ ಬಿದ್ದಿತ್ತು, ಹಲಸಿನ ಮರದ ಕೆಳಗೆ, ನೀರು ನಿಂತು, ಆಕಾಶದ ಬಣ್ಣದಲ್ಲಿ. ಕಟ್ಟು ಕಟ್ಟಿಗೆ ದಪ್ಪ ಸಣ್ಣ ಇರಬಹುದು, ಕೈ ಒಂದಿಷ್ಟು ಹೆಚ್ಚುಕಡಿಮೆ ಬಿದ್ದಿರಬಹುದು. ಅಂಚು ಕೆಲವು ಹೆಜ್ಜೆ ಆಚೀಚೆ ಆಗಬಹುದು. ಮೂಲೆ ಇಲ್ಲ ಎನ್ನುವ ಹಾಗಿರಲಿಲ್ಲ. ‘ಎಲ್ಲದೆ, ತೋರ್ಸು’ ಎಂದಿದ್ದರಲ್ಲ. ಅಲ್ಲಿತ್ತು.

ಕೈ ಚಾಚಿ ತೋರಿಸಿದೆ. “ಅಜ್ಜ, ನೋಡಿ. ಅಲ್ಲದೆ.”

ಅವರಿಗೆ ತಕ್ಷಣ ಅರ್ಥವಾಯಿತು ಎಂದು ನಾನು ನಂಬುತ್ತೇನೆ. ನಂಬುತ್ತೇನೆ ಅಷ್ಟೆ, ಅವರು ಹೇಳಲಿಲ್ಲ. ಕೊಡೆಯನ್ನು ಒತ್ತಿ ಎದ್ದು ನಿಂತರು. ಬದುವಿನ ಮೇಲಿನ ಗುಡ್ಡೆಯನ್ನು ನೋಡಿದರು, ಮೂಲೆಯನ್ನು ನೋಡಿದರು, ಮತ್ತೆ ಗುಡ್ಡೆಯನ್ನು ನೋಡಿದರು.

“ದೊಡ್ಡಪ್ಪ,” ಎಂದೆ, “ಆ ಮೂಲೆ ಅತ್ತೇದು. ಅವಳ ಪೈರು ಅಷ್ಟಕ್ಕೇ ಮಿಕ್ಕಿರೋದು.”

ದೊಡ್ಡಪ್ಪ ಮೊಣಕಾಲವರೆಗೆ ಕೆಸರಲ್ಲಿ ನಿಂತಿದ್ದರು. “ಕಾಲೇಜು ಇಲ್ಲೀಗೂ ಬಂತಾ,” ಎಂದರು. ಹೆಂಗಸರು ಯಾರೂ ನಗಲಿಲ್ಲ. ದೊಡ್ಡಪ್ಪ ಸುತ್ತ ನೋಡಿದರು, ನಗು ಸಿಗದೆ ದನಿ ಬದಲಾಯಿಸಿದರು. “ಹಗ್ಗ ದಾಟಿ ಆಯ್ತು. ದಾಟಿದ್ದು ನಾನೊಬ್ನೇ ಅಲ್ಲ. ಅವ್ಳೂ ದಾಟವ್ಳೆ. ಅಜ್ಜ, ಯೋಳಿ.”

ಹಗ್ಗದಜ್ಜ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಆಮೇಲೆ, “ದಾಟಿ ಆಯ್ತು,” ಎಂದರು. ಮತ್ತೆ ಕುಳಿತುಕೊಂಡರು.

ಈಗ ನಾಟಿಯ ಒಂದು ರೂಢಿ ಹೇಳಬೇಕು. ಕಿತ್ತ ಪೈರನ್ನು ಬದುವಿನ ಮೇಲೆ ಒಣಗಲು ಬಿಡುವುದಿಲ್ಲ. ಒಬ್ಬರಿಗೆ ಮಿಕ್ಕಿದರೆ, ಕಡಿಮೆ ಬಿದ್ದ ಪಕ್ಕದ ಗದ್ದೆಗೆ ಕೊಟ್ಟೇ ಮನೆಗೆ ಹೋಗಬೇಕು. ಕೇಳಿಸಿಕೊಳ್ಳುವುದಕ್ಕಿಂತ ಮೊದಲೇ ಕೊಡುವುದು ಮರ್ಯಾದೆ. ಬಾಣಂತಿ ಮನೆಗೆ ಹಾಲು ಕೊಟ್ಟ ಹಾಗೆ, ಅದಕ್ಕೆ ಬೆಲೆಯಿಲ್ಲ, ವಾಪಸ್ಸೂ ಇಲ್ಲ. ಎಲ್ಲರಿಗೂ ಅದು ನೆನಪಿಗೆ ಬಂದಿತ್ತು. ಯಾರೂ ಅತ್ತೆಯ ಕಡೆ ನೋಡಲಿಲ್ಲ.

ಅತ್ತೆ ಬದುವಿನ ಮೇಲೆ, ನನ್ನಿಂದ ಸ್ವಲ್ಪ ದೂರದಲ್ಲಿ ನಿಂತಿದ್ದಳು. ಅವಳ ಕಣ್ಣು ಮೂಲೆಯ ಮೇಲಿತ್ತು. ಬೇಸಿಗೆಯಲ್ಲಿ ಜಗುಲಿಯ ಮೇಲೆ ನೂಲು ತೋರಿಸಿದಾಗ ಅವಳಿಗೆ ಅರ್ಥವಾಗಿರಲಿಲ್ಲ, ಈಗ ಆಗಿತ್ತು. ಅದು ಅವಳ ಮುಖದ ಮೇಲೆ ಬರುವುದನ್ನು ನಾನು ನೋಡಿದೆ. ಅಷ್ಟು ವರ್ಷ ಪಾಠ ಹೇಳಿದ್ದೇನೆ, ಅರ್ಥವಾದಾಗ ಮಕ್ಕಳ ಮುಖ ಬೆಳಗುವುದನ್ನು ಕಂಡಿದ್ದೇನೆ. ಅರ್ಥವಾಗಿ ಮುಖ ಇಳಿದುಹೋದದ್ದನ್ನು ಕಂಡಿದ್ದು ಅಲ್ಲಿ ಮಾತ್ರ.

ಅವಳು ಬಾಗಿ ಎರಡು ಕೈಯಲ್ಲೂ ಕಟ್ಟುಗಳನ್ನು ಎತ್ತಿಕೊಂಡಳು.

“ಬ್ಯಾಡ ಕನವ್ವ,” ಎಂದಳು ಮಗಳು. ಅವಳು ಗಂಜಿಯ ಪಾತ್ರೆ ತೊಳೆಯುತ್ತಿದ್ದವಳು ಎದ್ದು ಬಂದಿದ್ದಳು. “ಮಾವನೇ ಬಂದು ತಕ್ಕಂಡೋಗ್ಲಿ.”

“ಪೈರು ಒಣುಗ್ತದೆ.”

“ಒಣುಗ್ಲಿ.”

“ಒಣುಗ್‌ಬಾರ್ದು,” ಎಂದಳು ಅತ್ತೆ. ಅಣ್ಣನ ಗದ್ದೆಗೆ ಇಳಿದಳು. ದೊಡ್ಡಪ್ಪ ಕಟ್ಟುಗಳನ್ನು ತೆಗೆದುಕೊಳ್ಳಲು ಕೈ ಚಾಚಿದರು. ಅವಳು ಕೊಡಲಿಲ್ಲ. ಅವರನ್ನು ಬಳಸಿಕೊಂಡು, ನೆಟ್ಟ ಸಾಲುಗಳ ಅಂಚಿನಲ್ಲೇ ನಡೆದು, ಹಲಸಿನ ಮರದ ಕೆಳಗಿನ ಖಾಲಿ ಮೂಲೆಗೆ ಹೋಗಿ, ಬಾಗಿ, ತಾನೇ ನೆಡತೊಡಗಿದಳು. ನಾಟಿಯ ಕಿರಿಯ ಹೆಂಗಸು ಉಳಿದ ಕಟ್ಟುಗಳನ್ನು ಹೊತ್ತು ತಂದು ಅವಳ ಪಕ್ಕಕ್ಕೆ ಎಸೆಯುತ್ತಾ ಹೋದಳು. ಬೇರೆ ಯಾರೂ ಸೇರಿಕೊಳ್ಳಲಿಲ್ಲ. ಸೇರಬಾರದೆಂದು ಎಲ್ಲರಿಗೂ ಹೇಗೋ ತಿಳಿದಿತ್ತು. ನೆಟ್ಟು ಮುಗಿಯುವಾಗ ಮತ್ತೆ ಹನಿ ಬೀಳತೊಡಗಿತ್ತು. ಪೈರು ಮೂಲೆಗೆ ಸರಿಹೋಯಿತು. ಉಳಿಯಲೂ ಇಲ್ಲ, ಸಾಲದೆ ಬರಲೂ ಇಲ್ಲ.

ನಾನು ಬದುವಿನ ಮೇಲೆಯೇ ನಿಂತಿದ್ದೆ.

ಆ ಮೂಲೆಯ ಭತ್ತ ದೊಡ್ಡಪ್ಪನ ಮನೆಗೆ ಹೋಯಿತು. ಮುಂದಿನ ವರ್ಷಗಳಲ್ಲೂ ಹೋಯಿತು. ಅತ್ತೆಯ ಮನೆಯ ಪತ್ತಾಯ, ಅಂದರೆ ಭತ್ತ ತುಂಬುವ ಮರದ ಪೆಟ್ಟಿಗೆ, ಯುಗಾದಿಗೆ ಮೊದಲೇ ತಳ ಕಾಣಿಸುತ್ತಿತ್ತು. ಆಗೆಲ್ಲ ದೊಡ್ಡಪ್ಪ ಒಂದು ಚೀಲ ಭತ್ತ ಕಳಿಸುತ್ತಿದ್ದರು, ಒಂದು ವರ್ಷವೂ ತಪ್ಪಿಸಲಿಲ್ಲ. ತಂಗಿಯನ್ನು ಕೈಬಿಡದ ಅಣ್ಣ ಎಂದು ಊರೆಲ್ಲ ಹೊಗಳಿತು. ಅತ್ತೆ ಆ ಚೀಲವನ್ನು ತೆಗೆದುಕೊಂಡಳು. ಅವಳದೇ ಭತ್ತ ಅವಳಿಗೆ ಉಪಕಾರವಾಗಿ ಬಂತು. ನಾನು ಒಮ್ಮೆ ಹಾಗೆಂದು ಹೇಳಿದ್ದಕ್ಕೆ, “ಗೊತ್ತಾಗದೆ ಇದ್ದಿದ್ರೆ ರುಚಿಯಾಗಿ ಉಣ್ತಿದ್ದೆ ಕನ ಮಗ,” ಎಂದಳು. ಬೈಯುವ ದನಿಯಲ್ಲ. ಅದಕ್ಕೇ ನನಗೆ ಅದು ಇನ್ನೂ ಚುಚ್ಚುತ್ತದೆ.

ಕೆಲವು ವರ್ಷಗಳ ನಂತರ ನೆಲ ಅಳೆಯುವ ಸರಕಾರದ ಸರಪಳಿ ಬಂತು. ನೆಲ ಎಷ್ಟು ಸೆಂಟು ಎಂದು ಎರಡೂ ಕಡೆಗೆ ಹೇಳಿಹೋದರು. ನನ್ನ ಹೆಜ್ಜೆಯ ಲೆಕ್ಕಕ್ಕೆ ಅದು ಬಹಳ ಹತ್ತಿರವಿತ್ತು. ದೊಡ್ಡಪ್ಪ, ಅದು ಸರಕಾರದ ಅಳತೆ, ಬೇಲಿ ನಮ್ಮದು ಎಂದರು. ಅತ್ತೆ, ಸಾಕು, ಇನ್ನು ಬೇಡ ಎಂದಳು. ನನಗೆ ಮಾತ್ರ ಬೇಕಿತ್ತು. ಒಬ್ಬನಿಗೇ ಬೇಕಾದರೆ ಸಾಲದು ಎಂದು ಕಲಿತೆ.

ಆದ್ದರಿಂದ, ಮಾನಂದವಾಡಿಯ ಗೆಳೆಯರೇ, ನಿಮ್ಮ ಚಹಾದ ಪ್ರಶ್ನೆಗೆ ನನ್ನಲ್ಲಿ ಸೊಗಸಾದ ಉತ್ತರವಿಲ್ಲ. ಹಗ್ಗ ನಾವು ಮಾಡಿಕೊಂಡದ್ದು, ಸೆಂಟು ನಾವು ಮಾಡಿಕೊಂಡದ್ದು, ಕನ್ನಡದ ಹತ್ತೂ ಮಲಯಾಳದ ಪತ್ತೂ ನಾವು ಮಾಡಿಕೊಂಡವೇ. ಆ ಮೂಲೆಯನ್ನು ಯಾರು ಮಾಡಿದರು, ಹೇಳಿ. ಯಾರೂ ಮಾಡಲಿಲ್ಲ ಎಂದು ನಾನು ಸಾಕ್ಷಿ ಹೇಳುತ್ತೇನೆ. ಅದು ಇತ್ತು, ಕಂಡಿತು, ಎಲ್ಲರೂ ಕಂಡರು. ಕಂಡ ಮೇಲೆ ಏನೂ ಆಗಲಿಲ್ಲ. ಕಂಡುಕೊಂಡದ್ದಕ್ಕೆ ತನ್ನಷ್ಟಕ್ಕೆ ಒಂದು ಕೈ ಇಲ್ಲ, ಗೂಟ ಕಿತ್ತು ನೆಡಲು. ಅದನ್ನು ಪಾಠದಲ್ಲಿ ಎಲ್ಲಿ ಸೇರಿಸಬೇಕೆಂದು ಕಲಿಸಿದ ಮೂವತ್ತು ವರ್ಷವೂ ನನಗೆ ಗೊತ್ತಾಗಲಿಲ್ಲ.

ಅಲ್ಲಿದ್ದವರಲ್ಲಿ ಹಗ್ಗದಜ್ಜ ಮೊದಲು ಹೋದರು. ಅವರ ಅಟ್ಟದ ಹಗ್ಗವನ್ನು ಅದಾದ ಮೇಲೆ ಯಾರ ಪಾಲಿಗೂ ಇಳಿಸಲಿಲ್ಲ ಎಂದು ಅವರ ಮನೆಯವರು ಹೇಳುತ್ತಾರೆ. ನಾನು ನೋಡಿದ್ದಲ್ಲ, ಕೇಳಿದ್ದು. ಆಮೇಲೆ ಅಪ್ಪ, ದೊಡ್ಡಪ್ಪ. ಅತ್ತೆ ಹೋಗಿ ಒಂಬತ್ತು ವರ್ಷ. ಬದುಕಿರುವವರು ನಾನು ಬಿಟ್ಟರೆ ಇಬ್ಬರು. ಒಬ್ಬಳು ಅತ್ತೆಯ ಮಗಳು. ಹೊಳೆಯಾಚೆಗೆ ಮದುವೆಯಾಗಿ ಹೋದವಳು, ಈಗ ಮೊಮ್ಮಕ್ಕಳಿದ್ದಾರೆ, ನಾನು ಹೋದರೆ ಕಾಫಿ ಕೊಡುತ್ತಾಳೆ, ಆ ದಿನದ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾಳೆ. ಇನ್ನೊಬ್ಬಳು ನಾಟಿಯಲ್ಲಿ ಕಿರಿಯವಳಾಗಿದ್ದವಳು. ಹಾಡಿಯಲ್ಲಿದ್ದಾಳೆ, ಕಣ್ಣು ಮಂಜಾಗಿದೆ, ಬಾಯಿ ಹಾಗೆಯೇ ಇದೆ. ಹೋದ ತಿಂಗಳು ಅವಳ ಅಂಗಳಕ್ಕೆ ಹೋಗಿ, ಆವತ್ತು ನಿನ್ನ ಕೈ ತೆಳ್ಳಗೆ ಬಿದ್ದಿತ್ತಾ ಎಂದು ಕೇಳಿದೆ.

“ಕೈ ಶರಿ ಇತ್ತು,” ಎಂದಳು. “ಅಕ್ಕನ ಗದ್ದೆ ಸಣ್ಣದಿತ್ತು.”